ಎಡಗಡೆಯವನೋ, ಬಲಗಡೆಯವನೋ?

ನಿಮ್ಮ ಮನೆಯ ಫ್ರಿಜ್ಜಿನಲ್ಲಿ ಐಸ್ ಕಟ್ಟುವ ಖಾನೆಯೊಳಗೆ ಏನೇನಿದೆ ಎಂದು ನಿಮಗೆ ಗೊತ್ತೆ? ನನಗೆ ಗೊತ್ತಿರಲಿಲ್ಲ. ಗಂಡಸರಿಗೆ ಆ ಖಾನೆ ಪಕ್ಕದವರ ಹೊಲವಿದ್ದ ಹಾಗೆ. ಬೇಲಿಯಾಚೆಯಿಂದ ನೋಡಬಹುದು, ಕಾಲಿಡುವಂತಿಲ್ಲ.

ನನ್ನ ಹೆಂಡತಿ ರತ್ನಳ ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಬಸ್ಸು ಹತ್ತಿದ ಮೇಲೆ, ಅವಳ ತಮ್ಮ ಬಸಣ್ಣನ ಹೆಂಡತಿ ಸುಮ ಅಡುಗೆಮನೆ ತೊಳೆಯಲು ನಿಂತಳು. ನಾನು ಪಡಸಾಲೆಯಲ್ಲಿ ಸುಮ್ಮನೆ ಕೂತಿದ್ದೆ. ಒಳಗಿನಿಂದ ಏನನ್ನೋ ಕುಟ್ಟುವ ಸದ್ದು ಕೇಳತೊಡಗಿತು. ಸದ್ದು ನಿಂತು, ಸುಮ ಕೈಯಲ್ಲಿ ಒಂದು ಕಪ್ಪು ಉಂಡೆಯಂಥದ್ದನ್ನು ಹಿಡಿದು ಹೊರಗೆ ಬಂದಳು.

"ಅಣ್ಣ, ಇದ್ಯಾವ ಊರ ಬೆಲ್ಲ? ಗುಂಡುಕಲ್ಲಲ್ಲಿ ಕುಟ್ಟಿದ್ರೂ ಚೂರು ಏಳ್ತಿಲ್ಲ."

ಅಂಗೈಯಗಲದ, ಎರಡು ಬೆರಳು ದಪ್ಪದ, ದುಂಡನೆಯ ರಬ್ಬರು. ಮೇಲೆ ಬಿಳಿ ಹಿಮ ಕಟ್ಟಿತ್ತು.

"ಅದು ಬೆಲ್ಲ ಅಲ್ಲ ಕಣಮ್ಮ. ಆಟದ ಸಾಮಾನು."

"ಆಟದ ಸಾಮಾನು ಫ್ರಿಜ್ಜಲ್ಲಿ ಯಾಕಿಟ್ಟಿದ್ರು ಅತ್ತಿಗೆ?"

"ತಣ್ಣಗಿರ್ಲಿ ಅಂತ."

ಸುಮ ನನ್ನನ್ನು ಒಂದು ಗಳಿಗೆ ನೋಡಿದಳು. ಹೆಂಡತಿ ಹೋದ ದುಃಖ ತಲೆಗೇರಿದವರನ್ನು ನೋಡುವ ಹಾಗೆ ನೋಡಿದಳು. ಅದನ್ನು ಒರೆಸಿ, ಇದ್ದಲ್ಲೇ ಇಟ್ಟುಬಂದಳು.

ನಿಮಗಾದರೂ ಸರಿಯಾಗಿ ಹೇಳಬೇಕು. ಅದು ಐಸ್ ಹಾಕಿಯ ಬಿಲ್ಲೆ. ನಮ್ಮ ಹಾಕಿಯಲ್ಲಿ ಚೆಂಡು ಇರುವಂತೆ ಅವರ ಹಾಕಿಯಲ್ಲಿ ಇದು. ಬೆಚ್ಚಗಿದ್ದರೆ ಪುಟಿಯುತ್ತದಂತೆ, ಅದಕ್ಕೆ ಆಟಕ್ಕೆ ಮೊದಲು ಹೆಪ್ಪುಗಟ್ಟಿಸುತ್ತಾರಂತೆ. ಕೆನಡಾದ ಹೆಲೆನ್ ಎಂಬ ಹೆಂಗಸು ಇದನ್ನು ರತ್ನಳಿಗೆ ಅಂಚೆಯಲ್ಲಿ ಕಳಿಸಿದ್ದಳು. ಪೊಟ್ಟಣ ಬಿಚ್ಚಿದ ದಿನವೇ ರತ್ನ ಅದನ್ನು ಫ್ರಿಜ್ಜಿಗೆ ಸೇರಿಸಿದಳು. "ಆಡೋರ್ಯಾರೇ ಇಲ್ಲಿ?" ಎಂದೆ. "ಆಡ್ದಿದ್ರೇನ್ರೀ, ಅದರ ಪಾಡಿಗೆ ಅದು ಇರೋ ಹಂಗಿರ್ಲಿ" ಎಂದಳು.

ತರೀಕೆರೆಯ ಬಸ್ ಸ್ಟ್ಯಾಂಡ್ ಹತ್ತಿರ ಸ್ಟೀಲ್ ಪಾತ್ರೆ ಮಾರುವವನ ಹೆಂಡತಿಗೂ ಹಿಮದ ಮೇಲಿನ ಹಾಕಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಊರೆಲ್ಲ ಕೇಳಿದೆ. ಎಲ್ಲದಕ್ಕೂ ಮೂಲ ಅವಳ ಮಂಡಿನೋವು. ಕಡೂರಿನ ಮೂಳೆ ಡಾಕ್ಟರು ಮೆಟ್ಟಿಲು ಹತ್ತಬೇಡಿ, ನೆಲದ ಮೇಲೆ ಕೂರಬೇಡಿ, ತುಂಬ ಹೊತ್ತು ನಿಲ್ಲಬೇಡಿ ಎಂದರು. ಉಳಿದದ್ದು ದಿವಾನು ಮತ್ತು ಫೋನು. ಫೋನಿನಲ್ಲಿ ಒಂದು ದಿನ, ಅವಳು ಹುಡುಕದೆಯೇ, ಹಿಮದ ಮೇಲೆ ಜಾರುತ್ತ ಓಡುವ ಹುಡುಗರು ಬಂದರು.

"ರೀ, ಬನ್ರೀ ಇಲ್ಲಿ. ಹೆಜ್ಜೆ ಎತ್ತದೇನೇ ಓಡ್ತಾರೆ ನೋಡ್ರೀ!"

ಮಂಡಿ ಹಿಡಿದುಕೊಂಡವರಿಗೆ ಅದಕ್ಕಿಂತ ದೊಡ್ಡ ಪವಾಡ ಯಾವುದಿದ್ದೀತು? ಅವಳು ಅಲ್ಲಿಗೇ ಬಿದ್ದುಹೋದಳು.

ಕೆನಡಾ, ಅಮೆರಿಕದ ಕಡೆ ಆಟ ನಡೆಯುವುದು ರಾತ್ರಿ. ಆಗ ನಮಗೆ ಬೆಳಗಿನ ಜಾವ. ಅಲಾರಂ ಇಟ್ಟು ಏಳುವಳು, ನನ್ನನ್ನೂ ಎಬ್ಬಿಸುವಳು. ದಿವಾನಿನ ಬಲಗಡೆ ಅವಳು, ಏಕೆಂದರೆ ಚಾರ್ಜರ್ ಚುಚ್ಚುವ ಪ್ಲಗ್ಗು ಆ ಗೋಡೆಗಿತ್ತು. ಎಡಗಡೆ ನಾನು. ಫೋನು ಅವಳ ಕೈಯಲ್ಲಿ. ನಾನು ಕತ್ತು ಬಲಕ್ಕೆ ತಿರುಗಿಸಿಕೊಂಡು ನೋಡಬೇಕು. ನೋಡಿದರೂ ಆ ಬಿಲ್ಲೆ ನನಗೆ ಒಂದು ದಿನವೂ ಕಾಣಲಿಲ್ಲ. ಕಪ್ಪು ಚುಕ್ಕೆ, ನೊಣದ ಹಾಗೆ. ಗೋಲಾಗಿ ಎಲ್ಲರೂ ಅಪ್ಪಿಕೊಂಡ ಮೇಲೆ "ಏನಾಯ್ತೇ?" ಎನ್ನುವುದು ನನ್ನ ಪಾಲು.

"ಬಿಲ್ಲೆ ಹುಡುಕ್ಬೇಡ್ರೀ. ಹುಡುಗ್ರ ಮುಖ ಎತ್ತಗಿದೆ ನೋಡಿ, ಅಲ್ಲಿರುತ್ತೆ ಅದು."

ಅಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ. ಆಟ ನೋಡುವವರೇ ಸೇರಿ ಆಡುವ ಇನ್ನೊಂದು ಆಟ ಫೋನಿನಲ್ಲಿದೆ. ಒಬ್ಬೊಬ್ಬರದೂ ಒಂದೊಂದು ತಂಡ, ಕಾಗದದ ಮೇಲಿನ ತಂಡ. ನಿಜವಾದ ಹುಡುಗರನ್ನು ನಮ್ಮವರೆಂದು ಆರಿಸಿಕೊಳ್ಳಬೇಕು. ಅವರು ಅಲ್ಲಿ ಚೆನ್ನಾಗಿ ಆಡಿದರೆ ಇಲ್ಲಿ ನಮಗೆ ಅಂಕ. ವರ್ಷಕ್ಕೊಮ್ಮೆ, ನಮ್ಮ ಆಷಾಢದ ಹೊತ್ತಿಗೆ, ಹದಿನೆಂಟು ತುಂಬಿದ ಹೊಸ ಹುಡುಗರನ್ನು ಆರಿಸುವ ಸರದಿ. ಹಿಂದಿನ ವರ್ಷ ಕೊನೆಗೆ ಬಿದ್ದ ತಂಡಕ್ಕೆ ಮೊದಲ ಆಯ್ಕೆ. ಈ ನಿಯಮ ರತ್ನಳಿಗೆ ಬಹಳ ಹಿಡಿಸಿತ್ತು. "ಸೋತೋರಿಗೆ ಮೊದ್ಲೆಲೆ. ನಮ್ಮ ಮದುವೆ ಮನೇಲೂ ಹಿಂಗಿದ್ದಿದ್ರೆ!" ಎನ್ನುವಳು. ಹೆಲೆನ್ ಆ ಗುಂಪಿನ ಯಜಮಾನಿ. ಉಳಿದವರು ಎಲ್ಲೆಲ್ಲಿಯವರೋ. ನಮ್ಮ ತಂಡದ ಹೆಸರು 'ಅಜ್ಜಂಪುರ ಹೋರಿಗಳು'. ಅಜ್ಜಂಪುರ ಅವಳ ತವರು. ತರೀಕೆರೆಯ ಹೆಸರಿಡಬಹುದಿತ್ತಲ್ಲ ಎಂದರೆ, "ತರೀಕೆರೇಲಿ ಏನಿದೆ, ನಿಮ್ಮ ಕೊಳಗಾನಾ?" ಎಂದಳು.

ಪಕ್ಕದ ಹೂವಿನಂಗಡಿಯವಳು ಒಂದು ದಿನ ದನಿ ತಗ್ಗಿಸಿ, "ಸಾವ್ಕಾರ್ರೇ, ರತ್ನಕ್ಕ ಅದೇನೋ ಮೊಬೈಲ್ ಜೂಜಾಡ್ತಾರಂತೆ, ವಸಿ ನೋಡ್ಕಳಿ" ಎಂದಳು. ಜೂಜಲ್ಲ, ಹುಡುಗರನ್ನು ಆರಿಸುವುದು ಎಂದೆ. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. ನಮ್ಮ ಮಗಳಿಗೆ ಗಂಡು ನೋಡುತ್ತಿದ್ದೇವೆ ಎಂದು ಸುದ್ದಿಯಾಯಿತು. ನಮಗೆ ಮಕ್ಕಳಿಲ್ಲ ಎಂಬುದು ಗೊತ್ತಿದ್ದೂ ಸುದ್ದಿಯಾಯಿತು!

ಹುಡುಗರ ಹೆಸರುಗಳನ್ನು ಹೇಳಲು ಅವಳ ನಾಲಿಗೆ ಹೊರಳುತ್ತಿರಲಿಲ್ಲ. ಆದ್ದರಿಂದ ಎಲ್ಲರಿಗೂ ಎತ್ತುಗಳ ಹೆಸರು. ಕೆಂಚುಗೂದಲಿನವನು ಕೆಂದ, ಹಾಲಿನ ಬಣ್ಣದವನು ಬಿಳಿಯ, ಭುಜ ಅಗಲವಿದ್ದವನು ಮಾರ. ಹೀಗೆ ಒಂದು ಕೊಟ್ಟಿಗೆಯೇ ಆಯಿತು.

ಈಗ ವಿಷಯಕ್ಕೆ ಬರುತ್ತೇನೆ. ವಿಷಯವೆಂದರೆ, ಹುಡುಗರು ಎರಡು ಕಡೆಯಿಂದ ಬರುತ್ತಾರೆ. ಒಂದು ಕಡೆ ಕೆನಡಾ, ಅಮೆರಿಕ. ಅಲ್ಲಿ ಹುಡುಗರಿಗೆಂದೇ ಬೇರೆ ಲೀಗು. ಓರಗೆಯವರ ಜೊತೆ ಆಡುತ್ತಾರೆ, ಹಿಮದಲ್ಲಿ ಊರಿಂದೂರಿಗೆ ಬಸ್ಸಿನಲ್ಲಿ ಅಲೆಯುತ್ತಾರೆ, ಗುದ್ದಾಡುತ್ತಾರೆ, ಗೋಲುಗಳ ರಾಶಿ ಹಾಕುತ್ತಾರೆ. ಇನ್ನೊಂದು ಕಡೆ ಸ್ವೀಡನ್, ಫಿನ್ಲೆಂಡು. ಅಲ್ಲಿ ಚೆನ್ನಾಗಿ ಆಡುವ ಹುಡುಗನನ್ನು ಗಡ್ಡ ಮೀಸೆ ಬಂದ ಗಂಡಸರ ನಡುವೆ ಬಿಡುತ್ತಾರೆ. ಅವನಿಗೆ ಆಡಲು ಸಿಗುವುದೇ ಕೊಂಚ ಹೊತ್ತು. ಗೋಲು ಕಡಿಮೆ. ಮೈದಾನವೂ ಸಾಮಾನ್ಯವಾಗಿ ಅಗಲವಂತೆ. ಮೇಲಾಗಿ ಅವನು ಕರೆದ ಕೂಡಲೇ ಬರುವುದಿಲ್ಲ. ಒಪ್ಪಂದವಿರುತ್ತದೆ, ಇನ್ನೊಂದೆರಡು ಚಳಿಗಾಲ ತನ್ನೂರಲ್ಲೇ ಆಡಿ ಆಮೇಲೆ ಬರುತ್ತಾನೆ. ಇವರಿಬ್ಬರಲ್ಲಿ ಯಾರು ಮೇಲು? ಲೋಕದಲ್ಲಿ ಇದಕ್ಕೆ ದೊಡ್ಡ ದೊಡ್ಡ ಪಂಡಿತರಿದ್ದಾರಂತೆ, ಅವರೂ ವರ್ಷ ವರ್ಷ ತಪ್ಪುತ್ತಾರಂತೆ.

ನನಗೆ ಇದು ಕೊನೆಗೂ ಅರ್ಥವಾಗಲಿಲ್ಲ. ರತ್ನಳಿಗೆ ಮೊದಲ ದಿನವೇ ಅರ್ಥವಾಯಿತು. ಏಕೆಂದರೆ ಅವಳ ಅಪ್ಪ, ನನ್ನ ಮಾವ, ಜೀವಮಾನವೆಲ್ಲ ಇದೇ ಜಿಜ್ಞಾಸೆಯಲ್ಲಿ ಕಳೆದವರು. ಅವರದು ಹೋರಿಕರುಗಳ ವಿಷಯದಲ್ಲಿ.

ಅಜ್ಜಂಪುರದಲ್ಲಿ ಅಮೃತಮಹಲ್ ಹೋರಿಕರುಗಳ ಹರಾಜು ಆಗುತ್ತದಲ್ಲ, ಮಾವ ಅದನ್ನು ಬಿಟ್ಟವರಲ್ಲ. ಕಾವಲಿನ ಹುಲ್ಲುಗಾವಲಿನಲ್ಲಿ ಮಂದೆಯ ಜೊತೆ ಬೆಳೆದ ಕರುಗಳು ಅವು. ಮನುಷ್ಯರ ಕೈ ಕಂಡಿರುವುದಿಲ್ಲ. ಮಿಂಚಿನ ಹಾಗೆ ಓಡುತ್ತವೆ. ಓಟ ನೋಡಿ ಮಾವ ಮರುಳಾಗುವರು. ಅಂಥ ಒಂದನ್ನು ತಂದು ಮನೆಯ ಮುದಿ ಎತ್ತಿನ ಜೊತೆ ಹೂಡಿದ ದಿನ, ಅದು ನೊಗವನ್ನೂ ಮುದಿ ಎತ್ತನ್ನೂ ಹಿಂದೆ ಹಗ್ಗ ಹಿಡಿದ ಮಾವನನ್ನೂ ಎಳೆದುಕೊಂಡು ಪಕ್ಕದವರ ಈರುಳ್ಳಿ ಹೊಲದ ಉದ್ದಕ್ಕೂ ಹೋಯಿತಂತೆ. "ಓಡೋದು ಬೇರೆ, ಎಳೆಯೋದು ಬೇರೆ" ಎಂದು ಅತ್ತೆ ಕಂಚಿನ ಲೋಟದಲ್ಲಿ ನೀರು ಕೊಟ್ಟು ಹೇಳಿದರಂತೆ.

ಆಮೇಲೆ ಮಾವನಿಗೆ ಬುದ್ಧಿ ಬಂತು. ಇನ್ನು ಕಾವಲಿನ ಕರು ಬೇಡ, ದೊಡ್ಡ ಎತ್ತಿನ ಪಕ್ಕ ಹೂಡಿ ಪಳಗಿಸಿದ ಹೋರಿಯೇ ಬೇಕು ಎಂದು ಲಿಂಗದಹಳ್ಳಿ ಕಡೆಗೆ ಹೋದರು. ಹಲ್ಲು ನೋಡಿದರು, ಗೊರಸು ನೋಡಿದರು, ಹಣೆಯ ಸುಳಿ, ಬೆನ್ನಿನ ಸುಳಿ, ಬಾಲದ ಕುಚ್ಚು ಎಲ್ಲ ನೋಡಿದರು. ಉಳುವುದನ್ನೂ ದೂರದಿಂದ ನಿಂತು ನೋಡಿದರು. ಹೊಡೆದುಕೊಂಡು ಬಂದು ಬೆಳಿಗ್ಗೆ ಊರ ಮುಂದೆಯೇ ಹೂಡಲು ಹೋದರೆ, ಹೊಸದೂ ಹಳೆಯದೂ ಎರಡೂ ನೊಗದ ಎಡಗಡೆಗೇ ನುಗ್ಗುತ್ತವೆ! ನಿಮಗೆ ಗೊತ್ತಿರಬಹುದು, ಎತ್ತನ್ನು ಎಡಕ್ಕೋ ಬಲಕ್ಕೋ ಒಂದು ಕಡೆಗೆ ಪಳಗಿಸುತ್ತಾರೆ. ಪಳಗಿದ ಮೇಲೆ ಅದು ತನ್ನ ಕಡೆ ಬಿಡುವುದಿಲ್ಲ. ಎಲ್ಲ ನೋಡಿದ ಮಾವ ಅದೊಂದನ್ನು ಕೇಳಲು ಮರೆತಿದ್ದರು. ಕಟ್ಟೆಯ ಮೇಲೆ ಕೂತವರೊಬ್ಬರು, "ಶಿವಪ್ಪಣ್ಣ, ಎರಡೂ ಎಡಗೈ ಇಟ್ಕಂಡು ಉಣ್ಣೋದು ಹೆಂಗೋ?" ಎಂದರಂತೆ.

ಈ ಕಥೆ ಹೇಳುವಾಗ ರತ್ನ ಕೊನೆಯ ಮಾತಿಗೆ ಬರುವ ಮೊದಲೇ ನಗಲು ಶುರುಮಾಡುವಳು. ಎಷ್ಟು ಸಲ ಹೇಳಿದರೂ ಕಥೆ ಆ ಮಾತಿನಿಂದ ಮುಂದಕ್ಕೆ ಹೋದದ್ದೇ ಇಲ್ಲ. ಆ ಎತ್ತುಗಳು ಕೊನೆಗೆ ಏನಾದವು ಎಂದು ನಾನೂ ಕೇಳಿರಲಿಲ್ಲ.

ಹಾಕಿಯಲ್ಲೂ ಅದೇ ಎಂದು ತಿಳಿದಾಗ ಅವಳಿಗೆ ಆದ ಸಂತೋಷ ಇಷ್ಟಿಷ್ಟಲ್ಲ. ಕೋಲನ್ನು ಎಡಕ್ಕೆ ಹಿಡಿಯುವವರು, ಬಲಕ್ಕೆ ಹಿಡಿಯುವವರು ಎಂದು ಎರಡು ಬಗೆ. ಹಿಂದೆ ನಿಂತು ಕಾಯುವ ಜೋಡಿಯಲ್ಲಿ ಒಬ್ಬ ಎಡ, ಒಬ್ಬ ಬಲ ಇರಬೇಕೆಂದು ಹೆಲೆನ್‌ಳ ಆಟದ ನಿಯಮ. ಹೊಸ ಹುಡುಗನ ಸುದ್ದಿ ಬಂದರೆ ಸಾಕು, ರತ್ನಳ ಮೊದಲ ಪ್ರಶ್ನೆ: "ಎಡಗಡೆಯವನೋ, ಬಲಗಡೆಯವನೋ?"

ಹೋದ ವರ್ಷ ಅವಳು ಆರಿಸಿದ್ದು ಫಿನ್ಲೆಂಡಿನ ಮಾರನನ್ನು, ಹಿಂದೆ ನಿಂತು ಕಾಯುವವನನ್ನು. ಎಡಗಡೆಯವನು. ಆ ಹೊತ್ತಿಗಾಗಲೇ ಅವಳ ಹೊಟ್ಟೆಯ ಕಾಯಿಲೆಯ ರಿಪೋರ್ಟು ಬಂದಿತ್ತು. ಹೆಚ್ಚೆಂದರೆ ಒಂದು ವರ್ಷ ಎಂದು ಡಾಕ್ಟರು ಮರೆಮಾಚದೆ ಅವಳ ಎದುರಿಗೇ ಹೇಳಿದ್ದರು. ಅವತ್ತೇ ಬಸ್ಸು ಹತ್ತಿ ಊರಿಗೆ ಬಂದೆವು. ಮನೆಗೆ ಬಂದು ಕಾಫಿ ಕುಡಿದು ಫೋನು ತೆಗೆದವಳು, "ಮಾರನ್ನೇ ತಗಳಣ ಅಂತಿದೀನಿ. ಎರಡು ಚಳಿಗಾಲ ಅಲ್ಲೇ ಇರ್ಲಿ. ದೊಡ್ಡೋರ ಜೊತೆ ಆಡಿ ಹದವಾಗಿ ಬರ್ತಾನೆ" ಎಂದಳು.

ಇದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಎರಡು ಚಳಿಗಾಲ! ಅವಳು ಡಾಕ್ಟರ ಮಾತು ನಂಬಲಿಲ್ಲವೋ? ನಂಬಿಯೂ ಮರೆತಳೋ? ಅಥವಾ ನಂಬಿಯೇ ಹಾಗೆ ಆರಿಸಿದಳೋ? ಕೇಳಬಹುದಿತ್ತು. "ಮಾರ ಬರೋದು ಎರಡು ವರ್ಷಕ್ಕಲ್ಲವೇನೇ?" ಎಂದೆ. "ಹೂಂ ಕಣ್ರೀ, ಕಾಯ್ಬೇಕು" ಎಂದಳು. ಯಾರು ಕಾಯಬೇಕು ಎಂದು ಕೇಳುವುದು ನನ್ನ ಬಾಯಲ್ಲಿ ಬರಲಿಲ್ಲ. ಅವಳು ಲೋಟ ಎತ್ತಿಕೊಂಡು ಒಳಗೆ ಹೋದಳು.

ಚಳಿಗಾಲದಲ್ಲಿ ಹಾಸಿಗೆ ಹಿಡಿದ ಮೇಲೂ ಬೆಳಗಿನ ಅಲಾರಂ ನಿಲ್ಲಲಿಲ್ಲ. ಈ ವರ್ಷಕ್ಕೆ ಹಿಂದೆ ನಿಂತು ಕಾಯುವ ಇಬ್ಬರ ಮೇಲೆ ಕಣ್ಣಿಟ್ಟಿದ್ದಳು. ಕೆನಡಾದ ಕೆಂದ, ಸ್ವೀಡನ್ನಿನ ಬಿಳಿಯ. ಕೆಂದ ಓಡಿದರೆ ಹೊಗೆಯಂತೆ. ಬಿಳಿಯ ನಿಂತಲ್ಲೇ ನಿಂತು ಎಲ್ಲರನ್ನೂ ನೋಡುವನು. "ಯಾವನು ಅಂತೀರಿ?" ಎಂದು ಕೇಳುವಳು. "ನಿಂಗೆ ಸರಿ ಕಂಡೋನು" ಎನ್ನುವೆ. "ಪಾತ್ರೆ ಮೇಲೆ ಹೆಸರು ಕೊರೆಸೋಕೆ ಬಂದೋರಿಗೂ ಹಿಂಗೇ ಹೇಳ್ತೀರಾ?" ಎಂದು ರೇಗಿಸುವಳು. ತೀರ್ಮಾನ ಮಾಡದೆ, ಆಷಾಢ ಬರಲಿ ನೋಡೋಣ ಎಂದಿದ್ದಳು. ಯುಗಾದಿ ಕಳೆದ ವಾರದಲ್ಲೇ ಹೋದಳು.

ಆಷಾಢ ಬಂತು. ಅವಳ ಫೋನನ್ನು ನಾನು ಆಫ್ ಮಾಡಿರಲಿಲ್ಲ. ದಿನಾ ಚಾರ್ಜಿಗೆ ಹಾಕುತ್ತಿದ್ದೆ, ಯಾಕೆಂದು ಗೊತ್ತಿಲ್ಲ. ಅವಳು ಹೋದ ಸುದ್ದಿಯನ್ನು ತಡವಾಗಿ ಅದರಿಂದಲೇ ಆಟದ ಗುಂಪಿಗೆ ಎರಡು ಸಾಲು ಬರೆದು ತಿಳಿಸಿದ್ದೆ. ಒಂದು ಬೆಳಿಗ್ಗೆ ಹೆಲೆನ್‌ಳ ಸಂದೇಶ ಬಂತು. ಇಂಗ್ಲಿಷನ್ನು ಫೋನೇ ಕನ್ನಡ ಮಾಡಿ ತೋರಿಸಿತು. 'ನಿಮ್ಮ ನಷ್ಟಕ್ಕೆ ವಿಷಾದಿಸುತ್ತೇವೆ' ಎಂದಿತ್ತು. ನಷ್ಟ ಎಂದರೆ ನಮಗೆ ಅಂಗಡಿಯ ಮಾತು. ವ್ಯಾಪಾರಿಗಳ ಹಾಗೆ ಬರೆದಿದೆಯಲ್ಲ ಎನಿಸಿತು. ಇನ್ನೊಮ್ಮೆ ಓದಿದಾಗ ಸರಿಯಾಗೇ ಇದೆ ಎನಿಸಿತು. ಕೆಳಗೆ ಹೀಗಿತ್ತು: ನಿಮ್ಮ ತಂಡ ಕೊನೆಗೆ ಬಂದಿದೆ, ಮೊದಲ ಆಯ್ಕೆ ನಿಮ್ಮದು. ಶನಿವಾರದೊಳಗೆ ನಿಮ್ಮ ಮನೆಯವರು ಯಾರಾದರೂ ಆರಿಸಿದರೆ ತಂಡ ಉಳಿಯುತ್ತದೆ. ಇಲ್ಲದಿದ್ದರೆ ಕಾಯುತ್ತಿರುವ ಬೇರೊಬ್ಬರಿಗೆ ಕೊಡುತ್ತೇವೆ, ಹೆಸರು ಬದಲಾಗುತ್ತದೆ. ಒತ್ತಾಯವಿಲ್ಲ.

ಒತ್ತಾಯವಿಲ್ಲ ಎನ್ನುವುದು ಎಷ್ಟು ಕಷ್ಟದ ಮಾತು! ಅವಳ ಸೀರೆಗಳನ್ನು ಹಂಚಿಯಾಗಿತ್ತು. ಮಂಡಿಗೆ ಕಟ್ಟುವ ಪಟ್ಟಿ ಯಾರಿಗೋ ಹೋಗಿತ್ತು. ಅಜ್ಜಂಪುರ ಹೋರಿಗಳು ಬೇರೆಯವರ ಕೊಟ್ಟಿಗೆ ಸೇರುವುದು ಮಾತ್ರ ನನ್ನಿಂದಾಗದು ಎನಿಸಿತು. ಆದರೆ ಆರಿಸುವುದು ಹೇಗೆ? ಬಿಲ್ಲೆಯೇ ಕಾಣದವನು ನಾನು.

ಆ ವಾರವೆಲ್ಲ ಅಂಗಡಿಯಲ್ಲಿ ಕೂತು ಕೆಂದ, ಬಿಳಿಯ, ಬಿಳಿಯ, ಕೆಂದ ಎಂದುಕೊಂಡೆ. ಗೃಹಪ್ರವೇಶದ ಕೊಡದ ಮೇಲೆ ಹೆಸರು ಕೊರೆಯುವಾಗ 'ಕೆಂ' ಎಂದು ಮೊದಲಕ್ಷರ ಕೊರೆದೇಬಿಟ್ಟೆ. ಆ ಮನೆಯವರ ಹೆಸರು ಪುಟ್ಟಸ್ವಾಮಿ. ಅವರಿಗೆ ಬೇರೆ ಕೊಡ ಕೊಟ್ಟೆ. 'ಕೆಂ' ಕೊಡ ಈಗಲೂ ನಮ್ಮ ಬಚ್ಚಲಲ್ಲಿದೆ.

ಶುಕ್ರವಾರ ಸಂಜೆ ಬಸಣ್ಣ ಅಜ್ಜಂಪುರದಿಂದ ಬಂದ. ವಾರಕ್ಕೊಮ್ಮೆ ಹೀಗೆ, ಸುಮ ಕೊಟ್ಟ ರೊಟ್ಟಿ ಹಿಡಿದು ಬರುತ್ತಾನೆ. ಬಂದು ನನ್ನ ಮುಖ ನೋಡಿ, "ಯಾಕ್ ಭಾವ, ಊಟ ಬಿಟ್ಟಿದೀರಾ?" ಎಂದ. ವಿಷಯ ಹೇಳಿದೆ. ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ಕಾಲು ಮಡಿಚಿ ಕೂತು, "ತೋರ್ಸಿ ಹೋರಿಗಳ್ನ" ಎಂದ.

ಇಬ್ಬರ ಆಟವನ್ನೂ ನೋಡಿದ. ಕೆಂದನನ್ನು ಎರಡು ಸಲ ನೋಡಿದ.

"ಇದು ನಮ್ಮ ಕಾವಲಿನ ಕರು ಕಣ್ ಭಾವ. ಓರಗೆ ಕರುಗಳ ಮಧ್ಯೆ ಓಡ್ತಿದೆ, ಅದಕ್ಕೆ ಅಷ್ಟು ಜೋರಾಗಿ ಕಾಣುತ್ತೆ. ದೊಡ್ಡ ಎತ್ತಿನ ಪಕ್ಕ ಕಟ್ಟಿದ್ರೆ ಏನ್ಮಾಡುತ್ತೋ ಶಿವನೇ ಬಲ್ಲ."

"ಹಂಗಾದ್ರೆ ಬಿಳಿಯಾನಾ?"

"ಬಿಳಿಯ ಆಗ್ಲೇ ನೊಗಕ್ಕೆ ಬಿದ್ದೈತೆ. ನಿಧಾನ ಕಾಣುತ್ತೆ, ಆದ್ರೆ ಪಕ್ಕದಲ್ಲಿರೋರು ಎಂಥೋರು ನೋಡಿ, ಒಬ್ಬೊಬ್ರು ಕೋಣ ಇದ್ದಂಗವ್ರೆ. ಅವರ ಸಮಕ್ಕೆ ಹೆಜ್ಜೆ ಹಾಕ್ತಿದೆಯಲ್ಲ."

"ಆದ್ರೆ ಕಾವಲಿನ ಕರು ಪಳಗಿದ್ರೆ ಅದನ್ನ ಮೀರ್ಸೋದು ಇಲ್ಲ ಅಂತ ನಿಮ್ಮಪ್ಪನೇ ಹೇಳೋರು."

"ಹೇಳೋರು. ಈರುಳ್ಳಿ ಹೊಲಕ್ಕೂ ಹೋಗೋರು." ಬಸಣ್ಣ ತಲೆ ಕೆರೆದುಕೊಂಡ. "ನಂಗೂ ತಿಳೀತಿಲ್ಲ ಬಿಡಿ ಭಾವ. ಅಕ್ಕ ಇದ್ದಿದ್ರೆ ಒಂದು ಮಾತಲ್ಲಿ ಹೇಳೋಳು. ಬಿಳಿಯ ಯಾವಾಗ ಬರ್ತಾನಂತೆ?"

"ಎರಡು ಚಳಿಗಾಲ ಆಗ್ಬೇಕಂತೆ. ಕೆಂದ ಬೇಗ ಬಂದ್ಬಿಡ್ತಾನೆ."

ಹಾಗೆ ಹೇಳುವಾಗಲೇ ನನಗೆ ಒಂದು ಲೆಕ್ಕ ಹೊಳೆಯಿತು. ಮಾರ ಬರಲು ಇನ್ನೊಂದು ಚಳಿಗಾಲವಿದೆ. ಅವನು ಬಂದುಬಿಟ್ಟರೆ ಅಲ್ಲಿಗೆ ಮುಗಿಯಿತು. ಬಿಳಿಯನಾದರೆ ಅವನ ಹಿಂದೆ ಇನ್ನೂ ಒಂದು ಚಳಿಗಾಲ ದೂರದಲ್ಲಿದ್ದಾನೆ. ಬರುವವನೊಬ್ಬ ಇದ್ದಾನೆ ಎಂದರೆ ಅಲಾರಂ ಇಡಲು ಒಂದು ನೆಪವಾಗುತ್ತದೆ. ಇದು ಆಟದ ಲೆಕ್ಕವಲ್ಲ ಎಂದು ನನಗೂ ಗೊತ್ತು. ಪಂಡಿತರು ಕೇಳಿದರೆ ನಗುತ್ತಾರೆ. ಅವಳ ಲೆಕ್ಕವೂ ಇದೇ ಆಗಿತ್ತೋ ಏನೋ, ಅದನ್ನು ಹೇಳಲಾರೆ. ಹೇಳಿದರೆ ನನಗೆ ಬೇಕಾದ್ದನ್ನು ಅವಳ ಬಾಯಿಗೆ ತುರುಕಿದ ಹಾಗಾಗುತ್ತದೆ.

ಬಿಳಿಯನ ಹೆಸರಿನ ಮೇಲೆ ಬೆರಳು ಒತ್ತಿದೆ.

ಫೋನು 'ಖಚಿತವೇ?' ಎಂದು ಕೇಳಿತು. ಬದುಕಿನಲ್ಲಿ ಯಾವುದೂ ಖಚಿತವಿಲ್ಲದ ವಾರದಲ್ಲಿ ಅದೊಂದಕ್ಕೆ ಹೌದು ಎಂದೆ. ಹಸಿರು ಗುರುತು ಬಿತ್ತು. ಅಜ್ಜಂಪುರ ಹೋರಿಗಳು ಉಳಿದವು. ಬಸಣ್ಣ ನೀರು ತಂದುಕೊಟ್ಟ. ಕುಡಿದು ಲೋಟ ಕೆಳಗಿಡುವಾಗ ಅವನು ಕೇಳಿದ:

"ಅಂದಂಗೆ ಭಾವ, ಇವ್ನು ಎಡಗಡೆಯವನೋ, ಬಲಗಡೆಯವನೋ?"

ನಾನು ಅವನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಹಲ್ಲು, ಗೊರಸು, ಸುಳಿ, ಬಾಲ, ಚಳಿಗಾಲ ಎಲ್ಲ ನೋಡಿದ್ದೆವು. ಅವಳು ಮೊದಲು ಕೇಳುವ ಪ್ರಶ್ನೆಯನ್ನು ಇಬ್ಬರೂ ಕೇಳಿರಲಿಲ್ಲ. ಫೋನು ತೆಗೆದು ನೋಡಿದೆ. ಎಡ. ಮಾರನೂ ಎಡ. ಬಲಗಡೆಯವನು ಕೆಂದ.

ಬಸಣ್ಣ ಮೊದಲು ತುಟಿ ಕಚ್ಚಿ ಹಿಡಿದ. ಆಮೇಲೆ ಹಿಡಿಯಲಾರದೆ, "ಶಿವಪ್ಪಣ್ಣನ ಅಳಿಯ ಅನ್ನಿಸ್ಕಂಡ್ಬಿಟ್ರಲ್ಲ ಭಾವ!" ಎಂದು ಹೊಟ್ಟೆ ಹಿಡಿದುಕೊಂಡ. ಯುಗಾದಿಯಿಂದೀಚೆಗೆ ಆ ಮನೆಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ. ನಾನೂ ನಕ್ಕೆ. ನಗುತ್ತ ನಗುತ್ತ ಅದು ಬೇರೆಯದಾಯಿತು. ಬಸಣ್ಣ ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತ.

ಕಣ್ಣೊರೆಸಿಕೊಂಡು ಕೇಳಿದೆ. "ಬಸಣ್ಣ, ಆ ಎತ್ತುಗಳು ಕೊನೆಗೆ ಏನಾದ್ವಯ್ಯ? ನಿಮ್ಮಕ್ಕ ಹೇಳ್ಲೇ ಇಲ್ಲ."

"ಏನಾಯ್ತದೆ? ಅಪ್ಪ ಹಿಂದಕ್ಕೆ ಕೊಡಕ್ಕೆ ಒಪ್ಲಿಲ್ಲ, ಮರ್ಯಾದೆ ಪ್ರಶ್ನೆ. ಹೊಸದು ಚಿಕ್ಕದು, ಆದ್ರೂ ಅದನ್ನ ಬಿಟ್ಟು ಹಳೇದನ್ನೇ ಬಲಕ್ಕೆ ತಂದ್ರು. ನೇಗ್ಲು ಕಟ್ಟದೆ ಬರೀ ನೊಗ ಹಾಕಿ ದಿನಾ ಬೆಳಿಗ್ಗೆ ಅದರ ಪಕ್ಕದಲ್ಲೇ ನಡೆಯೋರು. ಕಲೀತು."

"ಮುದಿ ಎತ್ತು ಕಲೀತಾ?"

"ಕಲೀತು ಭಾವ. ಹೊತ್ತು ಹಿಡೀತು ಅಷ್ಟೆ. ತಿರುವಿನಲ್ಲಿ ಮಾತ್ರ ಸಾಯೋವರ್ಗೂ ವಸಿ ತಡವರ್ಸೋದು."

ಈಗ ಬೆಳಗಿನ ಅಲಾರಂ ಮತ್ತೆ ಹೊಡೆಯುತ್ತದೆ. ಸ್ವೀಡನ್ನಿನ ಆಟವನ್ನು ಆ ಹೊತ್ತಿಗೆ ತುಣುಕು ತುಣುಕಾಗಿ ತೋರಿಸುತ್ತಾರೆ. ಚಾರ್ಜರಿನ ತಂತಿ ಗಿಡ್ಡ, ಅದಕ್ಕೆ ದಿವಾನಿನ ಬಲಗಡೆಗೆ ಹೋಗಿ ಕೂರುತ್ತೇನೆ. ಬಿಲ್ಲೆ ಈಗಲೂ ಕಾಣುವುದಿಲ್ಲ. ಹುಡುಗರ ಮುಖ ಎತ್ತ ತಿರುಗಿದೆ ಎಂದು ನೋಡುತ್ತೇನೆ. ಫೋನು ನನ್ನ ಕೈಯಲ್ಲೇ, ಎದುರಿಗೇ ಇರುತ್ತದೆ. ಆದರೂ ಬಿಳಿಯ ಮುಂದಕ್ಕೆ ಬಂದಾಗಲೆಲ್ಲ ನನ್ನ ಕತ್ತು ತಾನಾಗಿ ಬಲಕ್ಕೆ ತಿರುಗುತ್ತದೆ. ಅಲ್ಲಿ ಗೋಡೆ, ಪ್ಲಗ್ಗು. ಒಂದು ಗಳಿಗೆ ಅದನ್ನೇ ನೋಡಿ, ಮತ್ತೆ ಎದುರಿಗೆ ತಿರುಗುತ್ತೇನೆ.